ನಮ್ಮ ಮನೆಗೆ ಬಾನಾಮತಿ ಬಂದದ್ದು

ಗಾಬರಿಯಾಗುವವರಲ್ಲಿ ಎರಡು ಬಗೆ. ಕೆಲವರು ಆದ ಕೂಡಲೇ ಗಾಬರಿಯಾಗಿ, ಒಂದು ತಂಬಿಗೆ ನೀರು ಕುಡಿದು, ಸಂಜೆಯೊಳಗೆ ಸುಧಾರಿಸಿಕೊಂಡುಬಿಡುತ್ತಾರೆ. ಇನ್ನು ಕೆಲವರು ಆ ಹೊತ್ತಿನಲ್ಲಿ "ಇದಕ್ಕೇನೋ ಕಾರಣ ಇರಲೇಬೇಕು" ಎಂದು ಗಂಭೀರವಾಗಿ ಹೇಳಿ, ಆಮೇಲೆ ತಿಂಗಳುಗಟ್ಟಲೆ ಒಳಗೊಳಗೇ ನಡುಗುತ್ತಿರುತ್ತಾರೆ. ನಾನು ಎರಡನೆಯ ಬಗೆ. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ಊರವರ ಎದುರಿಗೆ ನಡುಗುವಂತಿಲ್ಲವಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನನ್ನ ತಾಯಿಯ ಹಳೆಯ ಸೀರೆ, ಯಾರೂ ಕಡ್ಡಿ ಗೀರದೆ, ಹತ್ತಿರ ಒಲೆಯೂ ದೀಪವೂ ಇಲ್ಲದೆ, ಹೊತ್ತಿಕೊಂಡು ಉರಿಯಿತು. ಆ ದಿನ ನುಂಗಿಕೊಂಡ ಗಾಬರಿ ಇನ್ನೂ ನನಗೆ ಜೀರ್ಣವಾಗಿಲ್ಲ.

ಇದೆಲ್ಲ ಶುರುವಾದದ್ದು ಸುರಪುರದಲ್ಲಿ. ನನ್ನ ಹೆಂಡತಿ ನೀಲಮ್ಮನ ತವರು ಅದು. ಅವಳ ಅಣ್ಣ ಹಣಮಂತ್ರಾಯನ ಬಳಿ, ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು, ಅಪ್ಪನ ಕಾಲದ ಒಂದು ರೈಫಲ್ ಇದೆ. ಲೈಸೆನ್ಸೂ ಇದೆ. ಅದರ ಕಟ್ಟಿಗೆಯ ಹಿಡಿಯ ಸ್ಥಿತಿ ನೋಡಿದರೆ ಹಂದಿಗಳು ಬೆದರುವುದಿರಲಿ, ಕನಿಕರಪಡುವಂತಿತ್ತು. ವಾರ್ನಿಶ್ ಸುಟ್ಟ ಹಪ್ಪಳದ ಹಾಗೆ ಎದ್ದಿತ್ತು. ಅಲ್ಲಲ್ಲಿ ತಗ್ಗು, ಗೀರು. ಯುಗಾದಿಗೆ ಹೋದಾಗ ಅದನ್ನು ನೋಡಿದವನೇ, "ಇದನ್ನ ಮನ್ಯಾಗೇ ಕೈಲೇ ಹೊಸಾದರಂಗ ಮಾಡಬಹುದು" ಅಂದುಬಿಟ್ಟೆ. ನನ್ನ ಅನುಭವವೆಂದರೆ, ಮೊಬೈಲಿನಲ್ಲಿ ಬಿಳಿ ಗಡ್ಡದ ಒಬ್ಬಾತ ಹಾಗೆ ಮಾಡುವುದನ್ನು ನೋಡಿದ್ದು, ಅಷ್ಟೇ. ಹಣಮಂತ್ರಾಯ ನಾನು ಮಾತು ಬದಲಿಸುವುದಕ್ಕೆ ಪುರುಸೊತ್ತು ಕೊಡಲಿಲ್ಲ. ಕಬ್ಬಿಣದ ಭಾಗವನ್ನು ಬಿಚ್ಚಿ ತನ್ನ ಅಲಮಾರಿಯಲ್ಲಿಟ್ಟು ಬೀಗ ಹಾಕಿದ. ಕಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟ. "ಕಬ್ಬಿಣ ನನ್ನ ಹತ್ರ ಇರ್ಲಿ ಮಾಸ್ತರ್ರ. ನಿಮ್ಮ ಕೈಯಾಗ ಬರೇ ಕಟ್ಟಿಗಿ ಇದ್ರ ಯಾರಿಗೂ ಏನೂ ಆಗಂಗಿಲ್ಲ" ಅಂದ.

ಬಂದೂಕಿನ ಈ ಕಟ್ಟಿಗೆಗೆ ಹಣಮಂತ್ರಾಯ ಕುಂದಾ ಅನ್ನುತ್ತಾನೆ. ನೀಲಮ್ಮ ಮನೆಗೆ ಬಂದವಳೇ, "ಅತ್ತಿ, ನಮ್ಮಣ್ಣ ಕುಂದಾ ಕೊಟ್ಟು ಕಳಿಸ್ಯಾನ" ಎಂದು ಟವೆಲಿನ ಗಂಟನ್ನು ಹಜಾರದ ಮಂಚದ ಮೇಲಿಟ್ಟಳು. ನಮ್ಮವ್ವನಿಗೆ ಬೆಳಗಾವಿಯ ಸಿಹಿತಿಂಡಿ ಕುಂದಾ ಎಂದರೆ ಪ್ರಾಣ. ಕೈತೊಳೆದುಕೊಂಡು ಬಂದು ಗಂಟು ಬಿಚ್ಚಿದಳು. ಅವಳು ಆ ಕಟ್ಟಿಗೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದ್ದನ್ನು ನಾನು ಮರೆಯಲಾರೆ. "ನಿಮ್ಮಣ್ಣಗ ಒಂದಿಷ್ಟು ಸಕ್ರಿ ಹಾಕಾಕ ಹೇಳಬೇಕಿತ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಕಟ್ಟಿಗೆಯ ಮೇಲೆ ಅವಳ ಸಿಟ್ಟು ಅಂದೇ ಶುರುವಾಯಿತು ಎಂದು ನನ್ನ ಅನುಮಾನ.

ಬೇಸಿಗೆ ರಜೆಯ ಮೊದಲ ವಾರ ನಾನು ಕಟ್ಟೆಯ ಮೇಲೆ ಕೂತು, ಒಡೆದ ಗಾಜಿನ ಚೂರಿನಿಂದ ಹಳೆಯ ವಾರ್ನಿಶ್ ಕೆರೆದೆ. ಆಮೇಲೆ ಸ್ಯಾಂಡ್ ಪೇಪರಿನಿಂದ ತಿಕ್ಕಿದೆ. ಕಟ್ಟಿಗೆಯ ಹುಡಿ ಒಣಹಾಕಿದ್ದ ಸಂಡಿಗೆಯ ಮೇಲೆಲ್ಲ ಕೂತಿತು. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿ ಒತ್ತಿದರೆ ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ತಗ್ಗು ತುಂಬುತ್ತದೆ. ನಿಜಕ್ಕೂ ಉಬ್ಬಿತು. ಮದುವೆಗೆ ಹೊರಟಿದ್ದ ನೀಲಮ್ಮ ಅದೇ ಇಸ್ತ್ರಿಯಿಂದ ಸೀರೆ ಒತ್ತಿದಾಗ ಅದರ ಸೆರಗಿನ ಮೇಲೆ ಬಂದೂಕಿನ ಬಣ್ಣದ ಪಟ್ಟೆಯೂ ಮೂಡಿತು. ಅವಳು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದುದು ಎಷ್ಟು ದಿನ ನಡೆಯಿತು ಎಂಬುದನ್ನು ಇಲ್ಲಿ ಹೇಳಲಾರೆ.

ಕಟ್ಟಿಗೆ ನುಣುಪಾದ ಮೇಲೆ ಎಣ್ಣೆ ಕುಡಿಸಬೇಕು. ಅದಕ್ಕೆ ಬೇಕಾದದ್ದು ಅಗಸೆ ಎಣ್ಣೆ; ನಾವು ಚಟ್ನಿಪುಡಿ ಮಾಡುವ ಅದೇ ಅಗಸೆ. ಕುದಿಸಿ ತಯಾರಿಸಿದ ಎಣ್ಣೆ ಬೇಗ ಆರುತ್ತದೆಂದು ಯಾದಗಿರಿಯ ಬಣ್ಣದ ಅಂಗಡಿಯಿಂದ ಒಂದು ಡಬ್ಬಿ ತಂದೆ. ಬಟ್ಟೆಯ ಚೂರಿಗೆ ಎಣ್ಣೆ ಹಚ್ಚಿ ಉಜ್ಜುವುದು, ಹೆಚ್ಚಾದದ್ದನ್ನು ಒರೆಸುವುದು, ಆರಲು ಬಿಡುವುದು, ಮತ್ತೆ ಉಜ್ಜುವುದು. ಕಟ್ಟಿಗೆಯೊಳಗಿಂದ ಜೇನಿನ ಬಣ್ಣದ ಎಳೆಗಳು ಮೇಲೆದ್ದು ಬಂದಾಗ ನನಗೇ ನನ್ನ ಕೈ ಮುಟ್ಟಿ ನೋಡಿಕೊಳ್ಳುವಂತಾಯಿತು. ಬಟ್ಟೆಗೆಂದು ಅವ್ವನ ಹಳೆಯ ನೂಲಿನ ಸೀರೆಯನ್ನು ಹರಿದುಕೊಂಡಿದ್ದೆ. ಪಕ್ಕದ ಮನೆಯ ಸೂಗವ್ವ, ಒಂಟಿ ಮುದುಕಿ, ಹಳೆಯ ಬಟ್ಟೆಗಳಿಂದ ಕೌದಿ ಹೊಲಿದು ಬದುಕುವವಳು, ಅದೇ ಸೀರೆಯನ್ನು ಕೇಳಿದ್ದಳು. ಅವ್ವ ಕೊಟ್ಟಿರಲಿಲ್ಲ. ನನಗೇನು ಗೊತ್ತು, ಇದೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುತ್ತದೆಂದು. ಎಣ್ಣೆ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಮಾಳಿಗೆಯ ಮೆಟ್ಟಿಲ ಕೆಳಗಿನ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒತ್ತಿ ತುಂಬುತ್ತಿದ್ದೆ.

ಒಂದು ಮಧ್ಯಾಹ್ನ ಉಂಡು ಮಲಗಿದ್ದೆವು. ಅವ್ವ ನೀರು ಕುಡಿಯಲು ಎದ್ದವಳು ನನ್ನನ್ನು ಅಲುಗಿಸಿದಳು. ಕೈ ಮಾಡಿ ತೋರಿಸಿದಳು. ಮೆಟ್ಟಿಲ ಕೆಳಗೆ ಬುಟ್ಟಿ ಕರಗಿ ನೆಲಕ್ಕಿಳಿದಿತ್ತು. ಅದರ ನಡುವೆ ಅವಳ ಸೀರೆಯ ಚೂರುಗಳು ಮೊಣಕಾಲೆತ್ತರ ಉರಿಯುತ್ತಿದ್ದವು. ನೀಲಮ್ಮ ಒಂದು ಕೊಡ ನೀರು ಸುರಿದಳು. ನಾನು, ಹಿಂದೆ ಹೇಳಿದಂತೆ, "ಇದಕ್ಕೇನೋ ಕಾರಣ ಇರಲೇಬೇಕು" ಅಂದೆ. ಅವ್ವ ನೆಲಕ್ಕೆ ಕೂತು ನಿಧಾನವಾಗಿ, "ಬಾನಾಮತಿ" ಅಂದಳು.

ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಗದವರು ಮಾಡಿಸುವ ಮಾಟ ಅದು; ಮೊದಲ ಗುರುತೇ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದು. ಅದು ಸುಳ್ಳೆಂದು ನಾನು ಪ್ರತಿವರ್ಷ ಮಕ್ಕಳೆದುರು ಭಾಷಣ ಮಾಡಿ ಚಪ್ಪಾಳೆ ಹೊಡೆಸಿಕೊಂಡವನು. ಅಂಥವನ ಮನೆಯಲ್ಲೇ ಹೊಗೆ ಎದ್ದಿತ್ತು. ಅರ್ಧ ತಾಸಿನಲ್ಲಿ ಓಣಿಯೆಲ್ಲ ನಮ್ಮ ಅಂಗಳದಲ್ಲಿ ಸೇರಿತು. ಯಾರ ಸೀರೆ, ಯಾರು ಕೇಳಿದ್ದರು, ಯಾರಿಗೆ ಕೊಡಲಿಲ್ಲ ಎಂಬುದೆಲ್ಲ ಹೊರಬಂತು. ಯಾರೋ, "ಮಾಡಿದವ್ರ ಹೆಸರು ತೆಗಿಯಂವ ಒಬ್ಬ ಇದ್ದಾನ, ನಾಳಿ ಸಂಜಿಗಿ ಕರ್ಕೊಂಡು ಬರ್ತೀವಿ" ಅಂದರು. ಅಂಥವನು ಒಂದು ಹೆಸರು ಹೇಳಿದ ಮೇಲೆ ಆ ಹೆಸರಿನ ಹೆಂಗಸಿನ ಗತಿ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಗೋಡೆಯಾಚೆ ಕೌದಿ ಹೊಲಿಯುತ್ತಿದ್ದ ಸೂಗವ್ವನ ಕೆಮ್ಮು ಕೇಳುತ್ತಿತ್ತು, ನಿಂತುಹೋಯಿತು. ಆಮೇಲೆ ಅವಳ ಬಾಗಿಲಿನ ಚಿಲಕ ಬಿದ್ದ ಸದ್ದು.

ಜನ ಹೋದ ಮೇಲೆ ನಾನು ಕಟ್ಟೆಗೆ ಬಂದೆ. ಆ ಬೆಳಿಗ್ಗೆ ಉಜ್ಜಿದ ಬಟ್ಟೆಯ ಮುದ್ದೆಯೊಂದು ಕಿಟಕಿಯ ಮೂಲೆಯಲ್ಲಿ ಉಳಿದಿತ್ತು. ಎಸೆಯೋಣವೆಂದು ಕೈಗೆತ್ತಿಕೊಂಡೆ. ಜ್ವರ ಬಂದ ಮಗುವಿನ ಹಣೆಯಂತೆ ಬಿಸಿಯಾಗಿತ್ತು. ಕಿಟಕಿ ನೆರಳಲ್ಲಿತ್ತು. ನಾನು ಅದನ್ನು ಬಿಸಾಕಿ ಎರಡು ಹೆಜ್ಜೆ ಹಿಂದೆ ಸರಿದೆ. ಸುಳ್ಳೇಕೆ, ಬಾಯಲ್ಲಿ ಕುಲದೇವರ ಹೆಸರೂ ಬಂತು. ಆಮೇಲೆ ಹೊಳೆಯಿತು. ಈ ಎಣ್ಣೆ ಆರುವುದೆಂದರೆ ನೀರು ಆರಿದಂತಲ್ಲ, ಗಾಳಿಯನ್ನು ಹೀರಿ ಗಟ್ಟಿಯಾಗುವುದು; ಆಗ ಶಾಖ ಹುಟ್ಟುತ್ತದೆ. ಹರವಿ ಹಾಕಿದರೆ ಶಾಖ ಹೋಗುತ್ತದೆ, ಮುದ್ದೆ ಮಾಡಿದರೆ ಒಳಗೇ ಬೆಳೆದು ಹೊತ್ತಿಕೊಳ್ಳುತ್ತದೆ. ತಾನಾಗಿ ಉರಿಯುವ ವಸ್ತುಗಳ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ಪಾಠ ಎದ್ದು ಮನೆಗೆ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಅವ್ವನಿಗೆ ಹೇಳಿದೆ. "ಎಣ್ಣಿಗಿ ತಾನ ಬೆಂಕಿ ಹತ್ತಿದ್ರ, ನಮ್ಮ ಅಡಗಿ ಮನಿ ದಿನಾ ಸುಡಬೇಕಿತ್ತು" ಅಂದಳು. ಅದು ಬೇರೆ, ಇದು ಬೇರೆ ಎಂದು ವಿವರಿಸತೊಡಗಿದೆ. ಅವಳು ಮುಖ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಓಣಿಯ ನಡುವೆ ಕಬ್ಬಿಣದ ಬುಟ್ಟಿಯಿಟ್ಟು, ಉಳಿದ ಸೀರೆಯನ್ನೆಲ್ಲ ಎಲ್ಲರೆದುರು ಎಣ್ಣೆಯಲ್ಲಿ ಅದ್ದಿ, ಹಿಂಡಿ, ಮುದ್ದೆ ಮಾಡಿ ಒತ್ತಿ ತುಂಬಿದೆ. ಆಮೇಲೆ ಸೂಗವ್ವನ ಬಾಗಿಲು ಬಡಿದೆ. ಬಹಳ ಹೊತ್ತಿಗೆ ತೆಗೆದಳು. ರಾತ್ರಿ ಮಲಗಿದ ಕಣ್ಣಲ್ಲ. "ಬರ್ರಿ ಸೂಗವ್ವ, ಎಲ್ಲಾರ ಮುಂದ ಕುಂದರ್ರಿ" ಅಂದೆ.

"ಹತ್ತಲಿಲ್ಲಂದ್ರ ಏನ್ ಮಾಡ್ತೀರಿ ಮಾಸ್ತರ್ರ?" ಅಂದಳು.

ನಾನು ಕುರ್ಚಿ ತರಲು ಒಳಗೆ ಹೋದೆ. ಆದರೂ ಬಂದಳು. ಬುಟ್ಟಿಯಿಂದ ದೂರ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎರಡೂ ಕೈ ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟು ಕೂತಳು.

ಏನೂ ಆಗಲಿಲ್ಲ. ಬಿಸಿಲೇರಿತು. ಊರ ಸುತ್ತಲಿನ ಗುಡ್ಡದ ಬಂಡೆಗಳು ಕಾದು ಗಾಳಿಯೇ ಒಲೆಯ ಉಸಿರಾಯಿತು. ನಾನು ಬೆವತೆ, ಬಟ್ಟೆ ತಣ್ಣಗಿತ್ತು. ಜನ ಒಬ್ಬೊಬ್ಬರೇ ನೆರಳಿಗೆ ಸರಿದರು. "ಮಾಸ್ತರ್ರ ಮುಂದ ಬರಾಕ ಅದಕ್ಕ ನಾಚಿಕಿ" ಎಂದು ಒಬ್ಬ ನಕ್ಕ. ಸೂಗವ್ವ ನಗಲಿಲ್ಲ, ಬುಟ್ಟಿಯಿಂದ ಕಣ್ಣೂ ತೆಗೆಯಲಿಲ್ಲ. ಹಿಂದಿನ ರಾತ್ರಿಯೆಲ್ಲ ದೇವರನ್ನು ಬೇಡದ ನಾನು ಆಗ ಬೇಡಿಕೊಂಡೆ: ವಿಜ್ಞಾನ ನಿಜವಾಗಲಿ ಎಂದು. ಬೇಡಿದ್ದು ಯಾರನ್ನು ಎಂದು ದಯವಿಟ್ಟು ಕೇಳಬೇಡಿ.

ಊಟದ ಹೊತ್ತು ದಾಟಿದ ಮೇಲೆ ಸೂಗವ್ವನೇ ಮೊದಲು ನೋಡಿದಳು. "ಹೊಗಿ" ಅಂದಳು, ಬಹಳ ಮೆತ್ತಗೆ. ಎಳೆಯಾಗಿ ಎದ್ದ ಹೊಗೆ ದಪ್ಪವಾಯಿತು, ಕಂದುಬಣ್ಣಕ್ಕೆ ತಿರುಗಿತು, ಇದ್ದಕ್ಕಿದ್ದಂತೆ ಜ್ವಾಲೆಯಾಯಿತು. ಓಣಿಗೆ ಓಣಿಯೇ ಹಿಂದೆ ಸರಿಯಿತು. ಸೂಗವ್ವ ಎದ್ದು ಸೆರಗು ಕೊಡವಿ, ಅವ್ವನ ಎದುರಿಗೆ ಹೋಗಿ ನಿಂತು, "ಈಗ ಹೇಳಬೇ ಅಕ್ಕಾ, ಯಾರ ಮನ್ಯಾಗ ಅದ ಬಾನಾಮತಿ?" ಅಂದಳು. ಆ ಸಂಜೆ ಅವ್ವ ಒಂದು ಬಟ್ಟಲು ಪುಂಡಿಪಲ್ಯವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾನೇ ಅವಳ ಮನೆಗೆ ಹೋದಳು, ಬರುವಾಗ ಕತ್ತಲಾಗಿತ್ತು. ಹೆಸರು ತೆಗೆಯುವವನನ್ನು ಯಾರೂ ಕರೆಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ವರ್ಷ ಶಾಲೆಯಲ್ಲಿ ತಲೆಯೆತ್ತಿ ಭಾಷಣ ಮಾಡುತ್ತಿದ್ದೆ. ಆದರೆ ಎಣ್ಣೆ, ಗಾಳಿ, ಶಾಖ ಎಂದು ನಾನು ಹೇಳಿದ್ದನ್ನು ಓಣಿ ಕೇಳಿಸಿಕೊಳ್ಳಲೇ ಇಲ್ಲ. ಅವರು ಕಂಡದ್ದು ಇಷ್ಟೇ: ಮಾಸ್ತರ್ರು ಬುಟ್ಟಿ ಇಟ್ಟರು, ಬಾಯಲ್ಲಿ ಏನೋ ಅಂದುಕೊಂಡರು, ಬೆಂಕಿ ಬಂತು. ಕುಂದಾ ಒಯ್ಯಲು ಬಂದ ಹಣಮಂತ್ರಾಯ ಅದರ ಹೊಳಪು ನೋಡಿ ಕಣ್ಣರಳಿಸಿದ, ಮುಟ್ಟಲು ಮಾತ್ರ ಹಿಂದೆಮುಂದೆ ನೋಡಿದ. "ಕಬ್ಬಿಣ ಜೋಡಿಸಿದ ಮ್ಯಾಲ ಇದು ತಾನ ಹಾರೂದಿಲ್ಲ ಹೌದಿಲ್ರಿ?" ಎಂದು ಕೇಳಿದ.

ಹೋದ ತಿಂಗಳು ಮುದನಾಳದಿಂದ ಗುರುತಿಲ್ಲದ ಒಬ್ಬ ರೈತ ಬಂದ. ಎಮ್ಮೆ ಹಾಲು ಕೊಡುತ್ತಿಲ್ಲ, ಯಾರೋ ಮಾಡಿಸಿದ್ದಾರೆ, ನೀವು ತೆಗೆಯಬೇಕು ಅಂದ. ಬೈದು, "ಕೆಚ್ಚಲ ಬಾವು ಇರಬೇಕು, ದನದ ಡಾಕ್ಟರ್ ಹತ್ರ ಹೋಗ್ರಿ" ಎಂದು ಕಳಿಸಿದೆ. ನಾಲ್ಕಾರು ದಿನ ಬಿಟ್ಟು ತೆಂಗಿನಕಾಯಿ ಹಿಡಿದು ಮತ್ತೆ ಬಂದ. "ಕೆಚ್ಚಲ ಬಾವೇ ಇತ್ತರಿ. ಎಮ್ಮಿ ನೋಡದೇ ಇಲ್ಲಿಂದ ಹೇಳಿದ್ರಲ್ಲ" ಎಂದು ಕಾಲು ಮುಟ್ಟಲು ಬಗ್ಗಿದ. ಇಷ್ಟು ವರ್ಷ ಪಾಠ ಹೇಳಿದವನ ಮಾತನ್ನು ಒಬ್ಬನಾದರೂ ಕೇಳಿ ಹಾಗೆಯೇ ನಡೆದನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಇದು ಮಂತ್ರವಲ್ಲ ಎಂದು ತಿದ್ದಿ ಹೇಳಬೇಕಿತ್ತು, ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕೈ ಮುಂದೆ ಹೋಗಿ ಕಾಯಿ ತೆಗೆದುಕೊಂಡಾಗಿತ್ತು. ಬಲಿತ ಕಾಯಿ. ನೀಲಮ್ಮ ಅದರಲ್ಲಿ ಚಟ್ನಿ ಅರೆದಳು, ನಾನು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.