ಹೆಪ್ಪಿನ ವಂಶಾವಳಿ

ಶಿಸ್ತು ಒಳ್ಳೆಯದೆಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದವನು ನಾನು. ಅದರಿಂದ ಜೀವಹಾನಿಯೂ ಆಗಬಹುದೆಂದು ಹೇಳಲಿಲ್ಲ. ಆಗ ನನಗೇ ಗೊತ್ತಿರಲಿಲ್ಲ. ಮುಖ್ಯೋಪಾಧ್ಯಾಯನ ಕುರ್ಚಿ ಬಿಟ್ಟರೂ ಐದಕ್ಕೆ ಏಳುವುದು, ಆರಕ್ಕೆ ಸಂಧ್ಯಾವಂದನೆ, ಮಾಡಿದ್ದನ್ನೆಲ್ಲ ಡೈರಿಯಲ್ಲಿ ಬರೆಯುವುದು ಬಿಟ್ಟಿಲ್ಲ. ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿರದಿದ್ದರೆ ನನಗೆ ಊಟ ಸೇರದು. ಒಮ್ಮೆ ನಾನು ನೆಂಟರ ಚಪ್ಪಲಿಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟಿದ್ದರಿಂದ ಬೀಗರೊಬ್ಬರು ಎಡಗಾಲಿಗೆ ತಮ್ಮದು, ಬಲಗಾಲಿಗೆ ಬೇರೆಯವರದು ಮೆಟ್ಟಿಕೊಂಡು ಶಿಗ್ಗಾಂವಿಯವರೆಗೆ ಹೋಗಿದ್ದರು.

ಕಳೆದ ವಾರ ನನ್ನ ಅಣ್ಣನ ಮಗಳು ಅನಘಾ ಹಾನಗಲ್ಲಿಗೆ ಬಂದಳು. ಸಂಶೋಧನೆ ಮಾಡುವ ಹುಡುಗಿ. ಮೊಸರಿನಲ್ಲಿರುವ ನಿರುಪದ್ರವಿ ಬ್ಯಾಕ್ಟೀರಿಯಾಕ್ಕೆ ಒಂದು ಜೀನ್ ಸೇರಿಸಿದರೆ, ಅದು ಉಪಯೋಗದ ಪ್ರೋಟೀನ್ ತಯಾರಿಸಿ ತನ್ನ ಮೈಮೇಲೆಯೇ ಧರಿಸುತ್ತದಂತೆ. ಭೇದಿ ತರುವ ರೋಗಾಣುವನ್ನು ಹೊಟ್ಟೆಯಲ್ಲಿ ಹಿಡಿದು ನಿಲ್ಲಿಸುವಂಥ ಪ್ರೋಟೀನ್ ಅದು. ವರ್ಗದ ಮಾನಿಟರಿಗೆ ಅಂಗಿಯ ಮೇಲೆ ಬಿಲ್ಲೆ ಚುಚ್ಚಿದಂತೆ ಎಂದು ನಾನು ಅರ್ಥಮಾಡಿಕೊಂಡೆ. ಅದಕ್ಕಾಗಿ ಅವಳು ದುಂಡಸಿ, ಹಂಸಭಾವಿ, ಸವಣೂರಿನ ಹಳೆಯ ಮನೆಗಳಿಂದ ತಲೆಮಾರುಗಟ್ಟಲೆ ಕಡಿಯದೆ ಬಂದ ಹೆಪ್ಪು ಕೂಡಿಸಿದ್ದಳು. ಹಿಂದಿನ ಸಲ ನಮ್ಮ ಮನೆಯದನ್ನೂ ಒಯ್ದಿದ್ದಳು.

"ಕಾಕು, ಎಲ್ಲಾದರಾಗೂ ನಮ್ಮನೀದಽ ಚಲೋ ಅದ ನೋಡ್ರಿ. ಪ್ರೋಟೀನ್ ಮೈಮ್ಯಾಲೆ ಗಟ್ಟಿ ಕೂತದ. ನಾಳೆ ನಮ್ಮ ಸರ್‌ಗೆ ಇದರ ಪೂರ್ತಿ ಇತಿಹಾಸ ಬರದು ಕೊಡಬೇಕು," ಎಂದಳು ತನ್ನ ಚಿಕ್ಕಮ್ಮನಿಗೆ.

ನನ್ನ ಹೆಂಡತಿ ಇಂದಿರೆಯ ಮುಖ ಅರಳಿತು. "ಬರಕೋ. ನಮ್ಮ ಅತ್ತಿಯವರು ಲಗ್ನ ಆಗಿ ಬರೋ ಮುಂದ ಆಡೂರಿಂದ ತಂದ ಹೆಪ್ಪು. ಒಂದ ದಿನಾ ತಪ್ಪಿಲ್ಲ. ಮಡಿ ಇಲ್ಲದ ಬಟ್ಟಲಾ ಮುಟ್ಟಿಲ್ಲ."

ತಪ್ಪಿದ್ದು ನನಗೊಬ್ಬನಿಗೇ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಇಂದಿರೆ ನಾಲ್ಕು ದಿನ ಸವಣೂರಿಗೆ ತಂಗಿಯ ಮನೆಗೆ ಹೋಗಿದ್ದಳು. ಹೆಪ್ಪು ಕಾಯುವ ಕೆಲಸ ನನ್ನದು. ಎರಡನೆಯ ದಿನ ನಾನು ಅಡುಗೆಮನೆಗೆ ಶಿಸ್ತು ತರಲು ಹೊರಟೆ. ಮೂಲೆಯ ಬಟ್ಟಲಿನ ತಳದಲ್ಲಿ ಏನೋ ಬೆಳ್ಳಗೆ ಮೆತ್ತಿತ್ತು. ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಸಂಜೆ ಹಾಲು ಕಾಯಿಸಿ ಹೆಪ್ಪು ಹುಡುಕಿದಾಗಲೇ ನನ್ನ ಕೈಯಿಂದ ಏನಾಗಿದೆಯೆಂದು ತಿಳಿದದ್ದು. ಬಸ್ ನಿಲ್ದಾಣದ ಎದುರಿನ ಖಾನಾವಳಿಗೆ ಓಡಿ ಒಂದು ಲೋಟ ಮೊಸರು ತಂದೆ. ಅಂದಿನಿಂದ ಇಂದಿರೆ ಮಡಿಯುಟ್ಟು ಪೋಷಿಸುತ್ತಿರುವುದು ಆ ಖಾನಾವಳಿಯ ಸಂತಾನವನ್ನು.

ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿಯ ಕಾಗದದಲ್ಲಿ ಸುಳ್ಳು ಸೇರುತ್ತದೆ. ತೆರೆದರೆ ನನ್ನ ಸಂಸಾರದಲ್ಲಿ ಸತ್ಯ ಸೇರುತ್ತದೆ. ಯಾವುದು ಹೆಚ್ಚು ಅಪಾಯವೆಂದು ತೂಗುತ್ತ ನಾಲ್ಕರ ಚಹಾವನ್ನು ನಾಲ್ಕೂ ಇಪ್ಪತ್ತಕ್ಕೆ ಕುಡಿದೆ. ಜೀವಮಾನದಲ್ಲೇ ಮೊದಲು. ಅನಘಾ "ಆಡೂರು" ಎಂದು ಬರೆಯತೊಡಗಿದಳು.

"ತಡಿ," ಎಂದೆ. ಹೇಳಿಬಿಟ್ಟೆ. ಇಂದಿರೆ ನಂಬಲಿಲ್ಲವೆಂದು ಆ ವರ್ಷದ ಡೈರಿಯನ್ನೂ ತಂದೆ. ಅಲ್ಲಿ ನನ್ನದೇ ದುಂಡಗಿನ ಅಕ್ಷರ: "ಬೆಳಿಗ್ಗೆ ೧೦: ಅಡುಗೆಮನೆ ಪಾತ್ರೆ ಸ್ವಚ್ಛತೆ. ತೃಪ್ತಿಕರ."

ಇಂದಿರೆ ಅದನ್ನು ಎರಡು ಸಲ ಓದಿದಳು. "ತೃಪ್ತಿಕರ ಅಂತ! ಅತ್ತಿಯವರ ಹೆಪ್ಪು ತೊಳದು ತೃಪ್ತಿ ಬ್ಯಾರೆ ಆತೇನ್ರಿ? ಒಂಬತ್ತು ವರ್ಷ ನನ್ನ ಕೈಲೆ ದೇವರಿಗೆ ಖಾನಾವಳಿ ಮೊಸರು ನೈವೇದ್ಯ ಮಾಡ್ಸಿದ್ರಿ!"

"ಕಾಕು, ಚೆಲ್ಲಬ್ಯಾಡ್ರಿ ಮತ್ತ," ಅನಘಾ ಗಾಬರಿಯಾದಳು.

"ಯಾಕ ಚೆಲ್ಲಲಿ? ಒಂಬತ್ತು ವರ್ಷ ನನ್ನ ಕೈಯಾಗ ಮಡಿಲೆ ಬೆಳದದ. ಇನ್ನ ಅದು ನಮ್ಮನೀದಽ. ನಂಬಿಕಿ ಹೋಗಿದ್ದು ಇವರ ಮ್ಯಾಲೆ."

ಬಟ್ಟಲು ಈಗ ನನ್ನ ಕೈಗೆ ಎಟುಕದ ನೆಲುವಿನ ಮೇಲಿದೆ. ಅನಘಾ "ಆಡೂರು" ಹೊಡೆದುಹಾಕಿ "ಖಾನಾವಳಿ, ಹಾನಗಲ್ಲ" ಎಂದು ಬರೆದಳು. ಕೆಳಗೆ "ಹಳೆಯ ವಂಶ ಕಡಿಯಲು ಕಾರಣ" ಎಂಬ ಕಲಮು ಇತ್ತು. ಅಲ್ಲಿ ನನ್ನ ಪೂರ್ತಿ ಹೆಸರು, ವಯಸ್ಸು, ಹಿಂದಿನ ಹುದ್ದೆ ಬರೆದಳು. ಇಂದಿರೆ ಇಣುಕಿ ನೋಡಿ, ನನ್ನ ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ತೃಪ್ತಿಕರ ಎಂದಳು.