ಎಮ್ಮೆ ಒಳಗೆ, ವೈನಿ ಹೊರಗೆ

ನಮ್ಮ ವೈನಿ ದೇವರನ್ನು ನಂಬುತ್ತಾರೆ, ಪಂಚಾಂಗವನ್ನು ನಂಬುತ್ತಾರೆ, ಗುಳಿಗೆಯ ಚೀಟಿಯ ಮೇಲಿನ ಎಕ್ಸ್‌ಪೈರಿ ಡೇಟನ್ನೂ ನಂಬುತ್ತಾರೆ. ಆದರೆ ಕುರ್ಚಿ, ಮಂಚ, ಆಟೋರಿಕ್ಷಾ, ಕಟ್ಟೆ, ಮೆಟ್ಟಿಲು ಇವುಗಳ ವಿಷಯ ಬಂದರೆ ಬ್ರಹ್ಮ ಬಂದು ಹೇಳಿದರೂ ನಂಬುವವರಲ್ಲ. ತಾವೇ ಹತ್ತಿ, ಕುಳಿತು, ಒರಗಿ, ಸಾಧ್ಯವಾದರೆ ಒಂದು ನಿದ್ದೆ ತೆಗೆದು ನೋಡಬೇಕು! ವೈನಿ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ವಯಸ್ಸು ಎಪ್ಪತ್ತೆರಡು. ತೂಕ ಕೇಳಬೇಡಿ, ಅದನ್ನು ಮಾತ್ರ ಅವರು ಪರೀಕ್ಷಿಸಿ ನೋಡಿಲ್ಲ.

ಅವರ ಮಗಳ ಮದುವೆಗೆ ಮಂಚ ಕೊಳ್ಳಲು ನಾವಿಬ್ಬರೂ ಕಲಬುರಗಿಗೆ ಹೋಗಿದ್ದೆವು. ಅಂಗಡಿಯವನು ಸಾಗುವಾನಿಯ ಗುಣಗಾನ ಮಾಡುತ್ತಲೇ ಇದ್ದ. ವೈನಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, "ಐದು ನಿಮಿಷ ಸುಮ್ನ ಕುಂದ್ರು" ಎಂದು ನನಗೆ ಹೇಳಿ ಮಲಗಿಯೇ ಬಿಟ್ಟರು. ಐದು ನಿಮಿಷ ಒಂದು ತಾಸಾಯಿತು. ಗೊರಕೆಯೂ ಬಂತು. ಮೈ ಗಾಡ್, ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನಿಸಿತು. ಆದರೆ ಆ ತಾಸಿನಲ್ಲಿ ಬಂದ ಗಿರಾಕಿಗಳಿಬ್ಬರು ಆ ನಿದ್ದೆಯನ್ನು ಕಣ್ಣಾರೆ ಕಂಡು ಅಂಥದ್ದೇ ಮಂಚ ಬುಕ್ ಮಾಡಿ ಹೋದರು. ವೈನಿ ಎದ್ದಾಗ ಅಂಗಡಿಯವನು ಚಹಾ ಹಿಡಿದು ನಿಂತಿದ್ದ. "ಅಮ್ಮಾರ, ನಾಳಿಗೂ ಬರ್ರಿ. ಸೋಫಾ ಸೆಟ್ ಒಂದು ಭಾಳ ದಿನದಿಂದ ಹಂಗೇ ಕುಂತದ!"

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರ್ಸ್ ನಮಗೆ ಎಬಿಸಿಡಿಗಿಂತ ಮೊದಲು ಕಲಿಸಿದ್ದು, ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು ಎಂಬುದನ್ನು. ವೈನಿ ಕಲಿತದ್ದು ಸೇಡಂನಲ್ಲಿ, ಗಣಿತ ಕಲಿಸಿ ರಿಟೈರ್ ಆದದ್ದು ಚಿತ್ತಾಪುರದಲ್ಲಿ. ಎರಡೂ ಊರಿನಲ್ಲಿ ಅವರಿಗೆ ಈ ಪಾಠವನ್ನು ಯಾರೂ ಮಾಡಲಿಲ್ಲ. "ಏ ಕಾನ್ವೆಂಟ್ ಬಾಯಿ, ನಾಚಿಕಿ ಪಟ್ಟವರಿಗಿ ಗಟ್ಟಿ ಮಂಚ ಸಿಗಂಗಿಲ್ಲ" ಎಂದು ನನಗೇ ಪಾಠ ಹೇಳುತ್ತಾರೆ.

ಈಗ ಇಬ್ಬರೂ ಶಹಾಬಾದಿನಲ್ಲಿ ಎದುರುಬದುರು ಮನೆಯಲ್ಲಿದ್ದೇವೆ. ನಮ್ಮ ಬಡಾವಣೆಯಲ್ಲೊಂದು ಮಕ್ಕಳ ಪಾರ್ಕು. ಅದರಲ್ಲಿ ಒಂದು ಜಾರುಬಂಡಿ, ತಗಡು ಹರಿದದ್ದು. ಜಾರಿದ ಮಕ್ಕಳ ಚಡ್ಡಿಯೂ ಹರಿಯುತ್ತಿತ್ತು. ಜೋಕಾಲಿಯ ಕಂಬಗಳಿದ್ದವು, ಜೋಕಾಲಿ ಇರಲಿಲ್ಲ. ಬಾಗಿಲಿನ ಬಂದೋಬಸ್ತು ಮಾತ್ರ ಭರ್ಜರಿ! ಎಮ್ಮೆ ನುಗ್ಗಬಾರದೆಂದು ಪೈಪುಗಳನ್ನು ಅಡ್ಡಡ್ಡ ಬೆಸೆದು ಮಾಡಿದ ತಿರುಗುವ ಗೇಟು. ಮೈ ತಿರುಚಿ ಒಬ್ಬೊಬ್ಬರೇ ನುಸುಳಬೇಕು. ನನ್ನಂಥವರು ಒಮ್ಮೆ ಒಳಗೆ ಹೋದರೆ, ಹೊರಗೆ ಬರುವುದು ಹೇಗೆಂದು ಕೂತು ಯೋಚಿಸಬೇಕಾಗುತ್ತಿತ್ತು.

ಆ ಗೇಟಿನ ಹೊರಗೆ ದಿನಾ ಸಂಜೆ ಒಂದು ಗಾಲಿಕುರ್ಚಿ ಬಂದು ನಿಲ್ಲುತ್ತಿತ್ತು. ನಮ್ಮ ಓಣಿಯ ಶರಣಮ್ಮನ ಮಗಳು ಚಂದ್ರಿಯದು. ಚಂದ್ರಿಗೆ ಎಂಟು ವರ್ಷ. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ, ಆ ಬಲವೆಲ್ಲ ನಾಲಿಗೆಗೆ ಹೋಗಿದೆ. ತಾಯಿ ನೆಲಕ್ಕೆ ಹಾಸುವ ಫರಸಿಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸದಿಂದ ಬಂದು, ಮಗಳನ್ನು ಕುರ್ಚಿಯಿಂದ ಎತ್ತಿ ಟೊಂಕದ ಮೇಲೆ ಕೂರಿಸಿಕೊಂಡು, ಗೇಟಿನಲ್ಲಿ ತಿರುಚಿ, ಒಳಗಿನ ಕಲ್ಲಿನ ಮೇಲೆ ಇಳಿಸುವವರೆಗೆ ಅವಳು ಹೊರಗೇ ಕಾಯಬೇಕು. ಮಗಳು ವರ್ಷ ವರ್ಷ ಬೆಳೆಯುತ್ತಿದ್ದಳು. ತಾಯಿಯ ಟೊಂಕ ಬೆಳೆಯುತ್ತಿರಲಿಲ್ಲ.

ಒಂದು ಸಂಜೆ ಚಂದ್ರಿ ನಮ್ಮಿಬ್ಬರ ಮುಂದೆ ಸಿಟ್ಟಿನಿಂದ ಹೇಳಿದಳು. "ಯವ್ವನ ಟೊಂಕದ ಮ್ಯಾಲ ಕುಂತು ಹ್ವಾದ್ರ ಎಲ್ಲಾರೂ ಕೂಸು ಬಂತು, ಕೂಸು ಬಂತು ಅಂತಾರ. ನಾ ನನ್ನ ಕುರ್ಚಿ ಮ್ಯಾಲೇ ಒಳಗ ಹೋಗಬೇಕು. ಅಲ್ಲಿ ಗಾಲಿಲೇ ಓಡಬೇಕು."

ವೈನಿ ಕನ್ನಡಕ ತೆಗೆದು ಒರೆಸಿದರು. ಅದು ಅಪಾಯದ ಲಕ್ಷಣ.

ಅದೇ ಹೊತ್ತಿಗೆ ಬಡಾವಣೆಯ ಪಾರ್ಕ್ ಸಮಿತಿಗೆ ಜ್ಞಾನೋದಯವಾಗಿತ್ತು. 'ಎಲ್ಲ ಮಕ್ಕಳ ಆಟದಂಗಳ' ಎಂದು ಹೊಸ ಬೋರ್ಡು ಬರೆಸಿ, ಪಬ್ಲಿಕ್ ಕನ್ಸಲ್ಟೇಶನ್ ಎಂದು ಎಲ್ಲರನ್ನೂ ಕರೆದರು. ಎಂಜಿನಿಯರ್ ಸಾಹೇಬರು ಬಣ್ಣದ ನಕ್ಷೆಯನ್ನು ಪಾರ್ಕಿನ ಗೋಡೆಗೆ ತೂಗುಹಾಕಿ, "ಏನರ ಸಲಹಾ ಇದ್ರ ಹೇಳ್ರಿ" ಎಂದರು. ಎಂಥ ಸಲಹೆ! "ನೀವು ತಿಳದವ್ರು ಇದ್ದೀರಿ, ನೀವು ಮಾಡಿದ್ದೇ ಛಲೋ" ಎಂದು ಒಬ್ಬರು. "ನಮ್ಮ ಮನಿ ಮುಂದಿನ ಲೈಟ್ ಹತ್ತವಲ್ದು" ಎಂದು ಇನ್ನೊಬ್ಬರು. ಹಿಂದಿನಿಂದ ಒಬ್ಬ ಅಜ್ಜ ಎದ್ದು ಕೇಳಿದ. "ಸಾಹೇಬ್ರ, ಆ ಮ್ಯಾಲಿನ ನೀಲಿ ಬಣ್ಣದ್ದು ಏನ್ರಿ, ನೀರಿನ ಹೊಂಡಾ?"

"ಅದು ಆಕಾಶ್ರೀ."

"ಹೌದೇನ್ರಿ. ಅದಕ್ಕ ಎಷ್ಟು ಖರ್ಚಾಗ್ತದ?"

ನಗು ನಿಂತ ಮೇಲೆ ವೈನಿ ಎದ್ದರು. "ಗೇಟು ಯಾವ್ದರಿ ಇದರಾಗ?"

"ಅದು ಹಳೇದೇ ಇರ್ತದ್ರಿ ಟೀಚರ. ಎಲ್ಲಾರ ಒಪ್ಪಿಗಿ ಅದ. ಎಮ್ಮಿ ಹೊಕ್ರ ಒಂದು ಗಿಡಾ ಉಳಿಯಂಗಿಲ್ಲ."

"ಎಮ್ಮಿಗಿ ಹಾಕಿದ ಗೇಟಿನಾಗ ಕೂಸು ಸಿಕ್ಕೊಂಡದ್ರಿ ಸಾಹೇಬ್ರ. ಬೋರ್ಡಿನ ಮ್ಯಾಲ ಎಲ್ಲ ಮಕ್ಕಳು ಅಂತ ಬರದೀರಿ. ಬೋರ್ಡ್ ಒರಸ್ತೀರೋ, ಗೇಟು ತಗೀತೀರೋ?"

ಸಾಹೇಬರು ಒಳ್ಳೆಯ ಮನುಷ್ಯ, ಬೆವರು ಒರೆಸಿಕೊಂಡರು. ಎಮ್ಮೆ ಹೊರಗುಳಿದು ಕುರ್ಚಿ ಒಳಗೆ ಬರುವ ಉಪಾಯವೊಂದನ್ನು ಎಂಟು ದಿನದಲ್ಲಿ ಹೇಳಿದರೆ ಸರಿ, ಇಲ್ಲದಿದ್ದರೆ ಒಂಬತ್ತನೆಯ ದಿನ ಹಳೆಯ ಗೇಟಿಗೇ ಸಿಮೆಂಟು ಹಾಕಿಸುವುದಾಗಿ ಹೇಳಿದರು. ಸಿಮೆಂಟು ಹಾಕಿದ ಮೇಲೆ ಈ ಭಾಗದಲ್ಲಿ ಯಾವುದನ್ನಾದರೂ ಕಿತ್ತದ್ದನ್ನು ನಾನು ಕಂಡಿಲ್ಲ. ಸಿಮೆಂಟಿನ ತವರುಮನೆಯಲ್ಲವೇ ಇದು!

"ಕಾಗದ ತೋರಿಸಿದ್ರ ನಮ್ಮ ಮಂದಿ ಮಾತಾಡಂಗಿಲ್ಲ" ಎಂದರು ವೈನಿ ಮನೆಗೆ ಬರುತ್ತ. "ಇಲ್ಲಿ ಇರೋರೆಲ್ಲ ಕಲ್ಲು ಹಾಸೋ ಮಂದಿ. ನೆಲದ ಮ್ಯಾಲ ಗೆರಿ ಹೊಡದು ತೋರ್ಸು. ಆಮ್ಯಾಲೆ ಅವರ ಬಾಯಿ ಮುಚ್ಚಸೋದೇ ಕಷ್ಟ."

ಮರುದಿನ ಸಂಜೆ ಪಾರ್ಕಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಬರೆದೆವು. ಜೋಕಾಲಿಗೆ ಚೌಕ, ಮರಳಿನ ಗುಂಡಿಗೆ ವೃತ್ತ, ಕುರ್ಚಿಯ ದಾರಿಗೆ ಜೋಡಿ ಗೆರೆ. ವೈನಿ ಪುಡಿ ಬಿಟ್ಟರು, ನಾನು ಹಗ್ಗದ ತುದಿ ಹಿಡಿದೆ. ಇಂಗ್ಲಿಷ್ ಲಿಟರೇಚರ್ ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗವಾಯಿತು!

ಬೆಳಿಗ್ಗೆ ಹೋಗಿ ನೋಡಿದರೆ ಗೆರೆಯ ನಾಲ್ಕು ಮೂಲೆಗೆ ಅರಿಶಿನ ಕುಂಕುಮ, ಲಿಂಬೆಹಣ್ಣು, ಒಡೆದ ತೆಂಗಿನಕಾಯಿ. ನಮ್ಮ ಕಡೆ ಸುಣ್ಣದ ಗೆರೆ ಹೊಡೆದರೆಂದರೆ ಪಾಯಾ ತೋಡುತ್ತಾರೆಂದೇ ಅರ್ಥ. ಪೂಜೆಯಾಗದೆ ಆ ಗೆರೆಯನ್ನು ಯಾರೂ ತುಳಿಯುವುದಿಲ್ಲ. ಮೂವತ್ತು ಜನ ಹೊರಗೇ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಏಳುವುದು ಹನುಮಪ್ಪನ ಗುಡಿಯೋ ಎಲ್ಲಮ್ಮನ ಗುಡಿಯೋ ಎಂದು ಎರಡು ಪಾರ್ಟಿಯಾಗಿ, ಗುಡಿ ಸಮಿತಿಗೆ ಅಧ್ಯಕ್ಷರ ಆಯ್ಕೆಯೂ ಮುಗಿದಿತ್ತು!

ವೈನಿ ದಡದಡನೆ ಗೆರೆ ದಾಟಿ ನಡುವೆ ನಿಂತರು. "ಇಲ್ಲಿ ಕುಂದ್ರೋ ದೇವ್ರು ಯಾವ್ದು ಗೊತ್ತದೇನ್ರಿ? ಜೋಕಾಲಿ! ಒಳಗ ಬರ್ರಿ, ನಡದು ನೋಡ್ರಿ."

ಅಧ್ಯಕ್ಷರಿಗೆ ಭಾಳ ನಿರಾಶೆಯಾಯಿತು. ಉಳಿದವರು ಹಿಂಜರಿಯುತ್ತ ಒಂದು ಕಾಲಿಟ್ಟರು. ಇಟ್ಟದ್ದೇ ತಡ, ವೈನಿ ಹೇಳಿದಂತೆಯೇ ಆಯಿತು. ಭಂಕೂರದಿಂದ ಬರುವ ಕಲ್ಲು ಹಾಸುವ ಮಲಕಪ್ಪ ಕುರ್ಚಿಯ ದಾರಿ ನೋಡಿ ಹಣೆ ಚಚ್ಚಿಕೊಂಡ. "ಇಷ್ಟು ಏರು ಇಟ್ರ ಕೂಸು ಹಿಂದಕ್ಕ ಉರುಳ್ತದ್ರಿ ಟೀಚರ! ಒಂದು ಗೇಣು ಎತ್ತರಕ್ಕ ಹನ್ನೆರಡು ಗೇಣು ಉದ್ದ ಬೇಕು." ಕಾಲಿನಿಂದಲೇ ಗೆರೆ ಅಳಿಸಿ ಹೊಸದು ಎಳೆದ. "ಪಾಲಿಶ್ ಕಲ್ಲು ಬ್ಯಾಡ, ಮಳ್ಯಾಗ ಜಾರ್ತದ. ಒರಟು ಮುಖ ಮ್ಯಾಲ ಮಾಡ್ರಿ" ಎಂದು ಇನ್ನೊಬ್ಬ. ಹೆಂಗಸರು ಬಂದು ಮರಳಿನ ಗುಂಡಿಯನ್ನೇ ನೆರಳಿಗೆ ಎಳೆದರು. ಕಣ್ಣು ಕಾಣದ ಅಜ್ಜಿಯೊಬ್ಬಳು ಕೋಲು ಕುಟ್ಟುತ್ತ ನಡೆದು, ದಾರಿಯ ಅಂಚಿಗೆ ಒಂದು ಸಾಲು ಬೇರೆ ಕಲ್ಲು ಹಾಕಿದರೆ ಕೋಲಿಗೆ ಗೊತ್ತಾಗುತ್ತದೆ ಎಂದಳು. ನಕ್ಷೆ ಮೂರು ದಿನದಲ್ಲಿ ಏಳು ಸಲ ಬದಲಾಯಿತು. ಆದರೆ ಎಲ್ಲರೂ ಬಾಗಿಲಿನ ಹತ್ತಿರ ಬಂದಾಗ ಮಾತ್ರ ತಿರುಗಿ ಮರಳಿನ ಗುಂಡಿಯ ಕಡೆಗೇ ನಡೆಯುತ್ತಿದ್ದರು. ಎಮ್ಮೆಯ ಪ್ರಶ್ನೆಗೆ ಉತ್ತರ ಯಾರಲ್ಲೂ ಇರಲಿಲ್ಲ.

ನನಗೆ ನಮ್ಮ ಕಾನ್ವೆಂಟಿನ ಜೋಕಾಲಿ ನೆನಪಾಗುತ್ತಿತ್ತು. ಬೇವಿನ ಗಿಡದ ಕೆಳಗೆ ಒಂದೇ ಒಂದು. ಲೈನಿನಲ್ಲಿ ನಿಂತು ನಿಂತು, ನನ್ನ ಸರದಿ ಬರುವ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಆರು ವರ್ಷದಲ್ಲಿ ಎಷ್ಟು ಸಲ ಕೂತೆನೋ, ಬೆರಳಿನಲ್ಲಿ ಎಣಿಸಬಹುದು. ಆದರೂ ನಾನು ಲೈನಿನಲ್ಲಿ ಇದ್ದೆ. ಚಂದ್ರಿಗೆ ಆ ಲೈನೂ ಇಲ್ಲವಲ್ಲ.

ಏಳನೆಯ ದಿನ ವೈನಿ ತಮ್ಮ ಬ್ರಹ್ಮಾಸ್ತ್ರ ತೆಗೆದರು. ಸಮಿತಿಯವರು ದುರಸ್ತಿಗೆಂದು ಹಳೆಯ ಗೇಟನ್ನು ಕಿತ್ತು ಪಕ್ಕಕ್ಕೆ ಒರಗಿಸಿದ್ದರು. ಆ ಜಾಗಕ್ಕೆ ಬಡಿಗೇರನಿಂದ ಅಗಲವಾದ ಬಾಗಿಲೊಂದನ್ನು ಮಾಡಿಸಿ ನಿಲ್ಲಿಸಿದರು. ಒಳಕ್ಕೆ ತೆರೆಯುವ ಬಾಗಿಲು, ತಾನೇ ಬೀಳುವ ಚಿಲಕ. ಪರೀಕ್ಷೆಗೆ ಹಾಲಿನ ರೇವಣಪ್ಪನ ಎಮ್ಮೆಯನ್ನು ಕರೆಸಿದರು. ಗಾಲಿಕುರ್ಚಿಯಲ್ಲಿ ಕೂರಲು ಯಾರನ್ನು? ಇದೇನು ಕೇಳುವ ಪ್ರಶ್ನೆಯೇ!

"ವೈನಿ, ಪ್ಲೀಸ್! ಬಿದ್ದರೇನ್ರಿ ಗತಿ?" ಎಂದೆ.

"ನಾ ಕುಂತು ನೋಡ್ದೇ ಹೆಂಗ ತಿಳೀತದ?"

ಚಂದ್ರಿಯನ್ನು ಕಟ್ಟೆಯ ಮೇಲೆ ಕೂರಿಸಿ, ಅವಳ ಕುರ್ಚಿಯಲ್ಲಿ ವೈನಿ ವಿರಾಜಮಾನರಾದರು. ಸಾಹೇಬರು, ಮಲಕಪ್ಪ, ಗುಡಿಯ ಮಾಜಿ ಅಧ್ಯಕ್ಷರು, ಓಣಿಗೆ ಓಣಿಯೇ ನಿಂತು ನೋಡುತ್ತಿತ್ತು. ಎಮ್ಮೆಯೂ ವೈನಿಯೂ ಒಟ್ಟಿಗೆ ಹೊರಟರು. ವೈನಿ ಬಾಗಿಲಿನ ಹತ್ತಿರ ಹೋಗಿ ಚಿಲಕಕ್ಕೆ ಕೈಚಾಚುವಷ್ಟರಲ್ಲಿ ಎಮ್ಮೆ ಪಕ್ಕದಿಂದ ಬಂದು ತಲೆಯಿಂದ ಒಂದು ಗುದ್ದು ಕೊಟ್ಟಿತು, ಚಿಲಕ ಹಾರಿತು, ಎಮ್ಮೆ ಗಂಭೀರವಾಗಿ ಒಳಗೆ ನಡೆಯಿತು. ಬಾಗಿಲು ಹಿಂದಕ್ಕೆ ಬಂದು ಟಪ್ ಎಂದು ಮುಚ್ಚಿಕೊಂಡಿತು. ಎಮ್ಮೆ ಒಳಗೆ, ವೈನಿ ಹೊರಗೆ! ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎಮ್ಮೆ ಸೀದಾ ಗೋಡೆಯ ಬಳಿ ಹೋಗಿ, ಸಾಹೇಬರು ತೂಗುಹಾಕಿದ್ದ ನಕ್ಷೆಯನ್ನು ತಿನ್ನತೊಡಗಿತು. ಮೊದಲು ಆಕಾಶ, ಆಮೇಲೆ ಉಳಿದದ್ದು.

ಜನ ನೆಲಕ್ಕೆ ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಚಂದ್ರಿ. ಕಣ್ಣೀರು ಒರೆಸಿಕೊಳ್ಳುತ್ತ ಅಂದಳು, "ಎಮ್ಮಿಗಿ ದಬ್ಬಲಿಕ್ಕ ಬರ್ತದ ಅಜ್ಜಿ, ಜಗ್ಗಲಿಕ್ಕ ಬರಂಗಿಲ್ಲ!"

"ಏನಂದಿ?" ಸಾಹೇಬರು ತಿರುಗಿದರು.

"ನಾ ದಿನಾ ಇಲ್ಲೇ ಕುಂತು ನೋಡ್ತೀನ್ರಿ. ಎಮ್ಮಿ, ಆಡು, ಆಕಳ ಎಲ್ಲಾ ತಲಿಲೇ ದಬ್ಬತಾವ. ಜಗ್ಗಲಿಕ್ಕ ಅವಕ್ಕ ಕೈ ಎಲ್ಲಿ ಅದಾವ್ರಿ? ಬಾಗಲಾ ಹೊರಗ ಜಗ್ಗಂಗ ಮಾಡ್ರಿ. ಹಿಡಿಕಿ ನನ್ನ ಕೈಗಿ ಸಿಗಂಗ ಕೆಳಗ ಇರಲಿ. ಬಾಜೂಕ ನನ್ನ ಕುರ್ಚಿ ನಿಲ್ಲೋವಷ್ಟು ಜಾಗಾ ಬಿಡ್ರಿ. ಅಷ್ಟೇ."

ಮಲಕಪ್ಪ ಬಾಗಿಲನ್ನು ನೋಡಿದ, ಸಾಹೇಬರು ಮಲಕಪ್ಪನನ್ನು ನೋಡಿದರು. ಇಷ್ಟು ವರ್ಷ ಆ ಗೇಟಿನ ಎದುರು ಕೂತವಳು ಇಡೀ ಶಹಾಬಾದಿನಲ್ಲಿ ಅವಳೊಬ್ಬಳೇ. ಸಭೆಗೆ ಅವಳನ್ನು ಯಾರೂ ಕರೆದಿರಲಿಲ್ಲ! ವೈನಿ ನಿಧಾನವಾಗಿ ಕುರ್ಚಿಯಿಂದ ಎದ್ದರು. "ಎಲ್ಲಾರಿಗೂ ಬೈದೆ. ಖರೇ ಅಂದ್ರ ನಾನೂ ಈಕಿಗಿ ಕೇಳಲಿಲ್ಲ ನೋಡು" ಎಂದು ನನಗೊಬ್ಬಳಿಗೇ ಕೇಳುವಂತೆ ಅಂದರು. ನಲವತ್ತೈದು ವರ್ಷದಲ್ಲಿ ವೈನಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಂಬತ್ತನೆಯ ದಿನ ಸಿಮೆಂಟು ಬಿದ್ದದ್ದು ಹೊರಕ್ಕೆ ಜಗ್ಗುವ ಬಾಗಿಲಿನ ಕಂಬಗಳಿಗೆ. ರೇವಣಪ್ಪನ ಎಮ್ಮೆ ಎರಡು ವಾರ ಅದನ್ನು ಗುದ್ದಿ ಗುದ್ದಿ, ಕೊನೆಗೆ ಸಂಸಾರವೇ ಬೇಡವೆಂಬಂತೆ ಬೇರೆ ದಾರಿ ಹಿಡಿಯಿತು.

ಉಳಿದ ಕೆಲಸವೂ ಮುಗಿದು ಪಾರ್ಕ್ ತೆರೆದ ಸಂಜೆ ಶರಣಮ್ಮ ಮಗಳ ಹಿಂದೆಯೇ ಬಂದಳು. ಚಂದ್ರಿ ಕುರ್ಚಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹಿಡಿಕೆ ಹಿಡಿದು ಜಗ್ಗಿದಳು. ಮೊದಲ ಸಲ ಆಗಲಿಲ್ಲ. ಶರಣಮ್ಮನ ಕೈ ಮುಂದೆ ಹೋಯಿತು, ವೈನಿ ಆ ಕೈ ಹಿಡಿದುಕೊಂಡರು. ಎರಡನೆಯ ಸಲ ಬಾಗಿಲು ತೆರೆಯಿತು. ಗಾಲಿಗಳು ಒರಟು ಕಲ್ಲಿನ ಮೇಲೆ ಗರಗರ ಸದ್ದು ಮಾಡುತ್ತ ಒಳಗೆ ಹೋದವು. ಅಭ್ಯಾಸಬಲದಿಂದ ಶರಣಮ್ಮನೂ ಒಳಗೆ ಕಾಲಿಟ್ಟಳು. ಚಂದ್ರಿ ತಿರುಗಿ ನೋಡಿ, ಓರಗೆಯವರ ಎದುರು ನಾಚಿಕೆಯಾದಂತೆ ಮುಖ ಮಾಡಿದಳು.

"ನೀ ಯಾಕ ಬಂದಿ? ಮನಿಗಿ ಹೋಗು ಯವ್ವಾ. ನಾ ಆಮ್ಯಾಲೆ ಬರ್ತೀನಿ."

ಎಲ್ಲ ತಾಯಂದಿರೂ ದಿನಾ ಕೇಳಿ ಬೇಸತ್ತ ಮಾತು. ಶರಣಮ್ಮ ಎಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಹೋಗು ಅಂದ್ಳಲ್ಲ, ನಡಿ ತಂಗಿ" ಎಂದರು ವೈನಿ, ಅವಳ ಕೈಯನ್ನು ಮತ್ತೆ ಹಿಡಿದು. "ಚಹಾ ಕುಡಿಯೋಣು. ಹೊಳ್ಳಿ ನೋಡಬ್ಯಾಡ ಮತ್ತ."

ಮೂವರೂ ಓಣಿಯುದ್ದಕ್ಕೂ ನಡೆದೆವು. ಶರಣಮ್ಮ ಹೊರಳಿ ನೋಡಲಿಲ್ಲ, ನಾನೂ ನೋಡಲಿಲ್ಲ. ವೈನಿ ಮಾತ್ರ ಮನೆ ಮುಟ್ಟುವವರೆಗೆ ಮೂರು ಸಲ ನೋಡಿದರು.