ಕಾಡುಬೆಕ್ಕಿನ ಮೂರನೇ ಮರಿ

ಅನಾಥ ಮರಿಗಳನ್ನು ಕುಡುಗೋಲಿನ ಬಾಯಿಂದ ಬಿಡಿಸಿ ತಂದವನಿಗೆ ಮನೆಯಲ್ಲಿ ಒಂದು ಕಪ್ ಚಹಾ ಆದರೂ ಸಿಗಬೇಕೋ ಬೇಡವೋ, ನೀವೇ ಹೇಳಿ. ನನಗೆ ಸಿಕ್ಕಿದ್ದು ಹೆಂಡತಿ ಅಬಿದಾಳ ವಿಚಾರಣೆ: "ಯಾರ ಮಕ್ಕಳನ್ನ ಎತ್ತಿಕೊಂಡ ಬಂದ್ರಿ?"

ನಡೆದದ್ದು ಇಷ್ಟು. ಮೋರಟಗಿಯ ನಮ್ಮ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಮಧ್ಯಾಹ್ನ ಊಟಕ್ಕೆ ಕುಳಿತಿದ್ದರು. ಇನ್ನೂ ಕಡಿಯದ ಸಾಲಿನಲ್ಲಿ ರವದಿ, ಅಂದರೆ ಕಬ್ಬಿನ ಒಣ ಗರಿ, ಮಿಸುಕಾಡಿತು. ಬಗ್ಗಿ ನೋಡಿದರೆ ಕಾಡುಬೆಕ್ಕಿನ ಮೂರು ಮರಿ! ಎರಡು ಮುದುಡಿ ನಡುಗುತ್ತಿದ್ದವು. ನಿಂಬೆಹಣ್ಣಿನಷ್ಟು ತಲೆಯ ಮೂರನೆಯದು ಮಾತ್ರ ಆರಡಿ ಎತ್ತರದ ಶಮಶುದ್ದೀನನ (ಅಂದರೆ ನನ್ನ) ಮೇಲೆ ಬಾಯ್ತೆರೆದು ಫುಸ್ ಎಂದು ಯುದ್ಧ ಸಾರಿತು. ನಾನು ಅಲ್ಲೇ ಶರಣಾದೆ.

ಜಾಗ ಮರೆಯಬಾರದೆಂದು ಅಲ್ಲಿನ ಅತಿ ಎತ್ತರದ ಕಬ್ಬಿಗೆ ನನ್ನ ಹಳದಿ ಟವೆಲ್ ಕಟ್ಟಿದೆ. ಎರಡು ಮರಿ ಬುಟ್ಟಿಗೆ ಹೋದವು, ಆ ಮಹಾವೀರ ನನ್ನ ಅಂಗಿಯೊಳಕ್ಕೆ. (ಇದು ನಮ್ಮ ನಿಮ್ಮಲ್ಲೇ ಇರಲಿ. ಅಬಿದಾಗೆ ಹೇಳಿದ್ದು ಎರಡೇ.) ಅದನ್ನು ದನದ ಕೊಟ್ಟಿಗೆಯ ಖಾಲಿ ಪೆಟ್ಟಿಗೆಯಲ್ಲಿ ಅಡಗಿಸಿದೆ. ಸಾಕಿ, ಬೆಳೆಸಿ, ಊರಿಗೆಲ್ಲ ತೋರಿಸಿ ಮೆರೆಯುವ ಆಸೆ.

ಅಬಿದಾ ಹಾಲಿಟ್ಟಳು. ಮರಿಗಳು ಮೂಸಿಯೂ ನೋಡಲಿಲ್ಲ. ಅವಳು ಅರಣ್ಯ ಗಾರ್ಡ್ ಯಲ್ಲಾಲಿಂಗನಿಗೆ ಫೋನು ಹಚ್ಚಿದಳು.

"ಹಾಲ ಹಾಕಬ್ಯಾಡ್ರಿ ಅಬಿದಕ್ಕಾ. ಹೊತ್ತ ಮುಳಗೂದ್ರಾಗ ಸಿಕ್ಕ ಜಾಗಾದಾಗನ ಇಟ್ಟ ದೂರ ಕುಂದರ್ರಿ. ತಾಯಿ ಬಂದ ಒಯ್ತೈತಿ. ತಾಯಿ ಇಲ್ಲಂದ್ರ ಅವು ಉಳಿಯೂದ ಕಷ್ಟ ಐತ್ರಿ."

ನನ್ನ ತುಟಿಯ ತನಕ ಬಂದ ಮೂರನೆಯ ಮರಿಯ ಸುದ್ದಿಯನ್ನು ಹಾಗೇ ನುಂಗಿದೆ.

ಹೊಲಕ್ಕೆ ಹೋದರೆ ಟವೆಲ್ ಇಲ್ಲ. ಟವೆಲ್ ಕಟ್ಟಿದ ಕಬ್ಬೇ ಇಲ್ಲ! ಗ್ಯಾಂಗಿನವರು ಅದನ್ನೂ ಕಡಿದು, ಟ್ರ್ಯಾಕ್ಟರಿಗೆ ಹೇರಿ, ಕಾರ್ಖಾನೆಗೆ ಕಳಿಸಿದ್ದರು.

"ಕಡಿಯೂ ಕಬ್ಬಿಗೆ ಯಾರರೆ ಗುರುತ ಕಟ್ತಾರೇನ್ರಿ?" ಅಬಿದಾ ಹಣೆ ಬಡಿದುಕೊಂಡಳು.

"ಟವೆಲ್ ಕಂಡ್ರ ಬಿಡ್ತಾರ ಅನ್ಕೊಂಡಿದ್ದೆ."

"ಬಿಡಲಿಲ್ರಿ ಸಾವಕಾರ್ರ," ಎಂದಳು ಗ್ಯಾಂಗಿನ ಶಂಕ್ರೆವ್ವ. ನನ್ನ ಟವೆಲ್ ಅವಳ ತಲೆಯ ಮೇಲಿತ್ತು. "ಬಿಸಲ ಭಾಳ ಇತ್ತು. ಅದು ನಾ ಕಡದ ಸಾಲು ಐತಿ, ಬರ್ರಿ."

ಅವಳು ಕೂಳೆಗಳನ್ನು, ಅಂದರೆ ಕಡಿದ ಕಬ್ಬಿನ ಬುಡಗಳನ್ನು, ನೋಡುತ್ತ ನೇರ ನಡೆದಳು. ನಮಗೆ ಎಲ್ಲವೂ ಒಂದೇ ಬಯಲು. ಅವಳಿಗೆ ಪ್ರತಿ ಕೂಳೆಯಲ್ಲೂ ಯಾರ ಏಟು ಎಂದು ಗೊತ್ತು. "ಇದ ನನ್ನ ಕೈ. ಇಲ್ಲೇ ಇಡ್ರಿ."

ಬುಟ್ಟಿ ಇಟ್ಟು ದೂರದ ಬದುವಿನ ಹಿಂದೆ ಕುಳಿತೆವು. ಹೊತ್ತು ಮುಳುಗಿತು. ಉಳಿದ ಕಬ್ಬಿನೊಳಗಿಂದ ತಾಯಿ ಬಂದಳು. (ಅಂಥವಳನ್ನು 'ಬಂದಿತು' ಎನ್ನಲು ನನಗೆ ಬಾಯಿ ಬರುವುದಿಲ್ಲ.) ಉದ್ದ ಕಾಲು, ನೆಟ್ಟಗಿನ ಕಿವಿ. ರವದಿಯ ಮೇಲೆ ನಾವು ನಡೆದರೆ ಊರಿಗೇ ಕೇಳುತ್ತದೆ. ಅವಳು ನಡೆದದ್ದು ರವದಿಗೂ ತಿಳಿಯಲಿಲ್ಲ. ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ದಳು. ತಿರುಗಿ ಬಂದು ಇನ್ನೊಂದನ್ನು ಒಯ್ದಳು. ಎಂಥ ಗತ್ತು, ಎಂಥ ಜೋಪಾನ! ಅಬಿದಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಾಯಿ ಮತ್ತೆ ಬಂದಳು. ಖಾಲಿ ಬುಟ್ಟಿಯನ್ನು ಮೂಸಿದಳು, ಸುತ್ತು ಹಾಕಿದಳು, ಸಣ್ಣ ದನಿಯಲ್ಲಿ ಕರೆದಳು. ನಾನು ಜೇಬಿನಲ್ಲಿ ಮೋಟಾರ್‌ಸೈಕಲ್ಲಿನ ಕೀಲಿ ತಡಕಿದೆ.

"ಎರಡೂ ಒಯ್ದಾಳ. ಮತ್ಯಾಕ ಹುಡಕಾಕತ್ತಾಳ?" ಎಂದ ಅಬಿದಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಏನ್ರೀ... ಎಷ್ಟ ಇದ್ದುವು?"

ಆಗಲೇ ನಾನು ಮೋಟಾರ್‌ಸೈಕಲ್ಲಿನ ಕಡೆ ಓಡುತ್ತಿದ್ದೆ.

ಕೊಟ್ಟಿಗೆಯಿಂದ ಹೊಲ ಮುಟ್ಟುವಷ್ಟರಲ್ಲಿ ಮಹಾವೀರ ಅಂಗಿಯೊಳಗೇ ನನ್ನ ಎದೆಯ ತುಂಬ ಗೀಚಿತ್ತು. ಅದನ್ನು ಬುಟ್ಟಿಯ ಬಳಿ ಇಟ್ಟು ತಲೆಯೆತ್ತಿದರೆ, ತಾಯಿ ಕಬ್ಬಿನಂಚಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ತಪ್ಪಾತ್ರಿ," ಎಂದು ಕೈಮುಗಿದು ಹಿಂದೆ ಸರಿದೆ. ಅವಳು ಬಂದು ಮರಿಯನ್ನು ಎತ್ತಿಕೊಂಡು ಹೋದಳು. ಮತ್ತೆ ತಿರುಗಿ ಬರಲಿಲ್ಲ.

ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅಬಿದಾ ನನ್ನನ್ನು ಸುಳ್ಳ ಎಂದಾಗಲೆಲ್ಲ "ಸಾಕ್ಷಿ ಎಲ್ಲೈತಿ?" ಎಂದು ಕೇಳಿಯೇ ಗೆದ್ದಿದ್ದೆ. ಈಗ ಹಾಗೆ ಕೇಳಿದರೆ ಅವಳು ಆ ತಾಯಿ ಹೊಕ್ಕ ಕಬ್ಬಿನ ಕಡೆ ಕೈ ತೋರಿಸುತ್ತಾಳೆ.